ಗಿಡ್ಡ ಕಾಲಿನ ಏಣಿ

ನನ್ನ ಗಂಡನ ಮೂರು ದಿನದ ಕಾರ್ಯವೆಲ್ಲ ಮುಗಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಶನಿವಾರ ಬಂತು. ಹಿಂದಿನ ಸಂಜೆ ನೆಂಟರ ಕೊನೆಯ ಕಂತು ಹೊರಟಿತ್ತು. ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಹಾಕಿ ಹೋಗಿದ್ದ. ನಾಳೆಯಿಂದ ಒಂದು ಸಾಕೆನ್ನಬೇಕೇ ಎಂದು ಅತ್ತೆ ಒಲೆಯ ಮುಂದೆ ನಿಂತು ಯೋಚಿಸುತ್ತಿದ್ದರು. ಅಷ್ಟರಲ್ಲಿ ಗಡಿಯಾರದವರು ಬಂದು ಹೊಸ್ತಿಲ ಹೊರಗೆ ನಿಂತರು.

ಇವರು ಎರಡು ಮನೆಯಾಚೆ ಇರುವವರು. ಪೇಟೆಯ ಮೂಲೆಯ ಹಳೆಯ ಕಟ್ಟಡದ ಬಾಗಿಲ ಮೇಲೆ, ಎರಡಾಳು ಎತ್ತರದಲ್ಲಿ ಒಂದು ಗಡಿಯಾರವಿದೆ. ಇಪ್ಪತ್ತೆರಡು ವರ್ಷಗಳಿಂದ ಅದಕ್ಕೆ ವಾರಕ್ಕೊಮ್ಮೆ ಕೀ ಕೊಡುವುದು ಇವರ ಉದ್ಯೋಗ. ಉಳಿದ ಆರು ದಿನ ಅದು ನಡೆಯುತ್ತಿದೆಯೇ ಎಂದು ನೋಡುವುದೂ ಇವರ ಉದ್ಯೋಗವೇ.

"ಹೇಗಿದೀರಮ್ಮ?" ಎಂದರು.

"ಇದೀನಿ."

"ಅತ್ತೆ?"

"ಅವರೂ ಇದಾರೆ."

ಗಡಿಯಾರದವರು ತಮ್ಮ ಚಪ್ಪಲಿಯನ್ನು ನೋಡಿಕೊಂಡರು. "ಒಳ್ಳೇ ಮನುಷ್ಯ."

"ಹೌದು."

"ಎತ್ತರ ಇದ್ರು."

"ಹೌದು."

"ಎಷ್ಟೇ ಎತ್ತರ ಇದ್ರೂ ಕೆಲವು ಸಲ... ಎತ್ತರ ಸಾಲೋದಿಲ್ಲ ನೋಡಿ. ಆಗ ಮನುಷ್ಯ ಏನ್ ಮಾಡ್ತಾನೆ? ಯಾವುದಾದ್ರೂ ಒಂದರ ಮೇಲೆ ಹತ್ತಬೇಕಾಗುತ್ತೆ. ಸ್ಟೂಲ್ ಅನ್ನಿ, ಕುರ್ಚಿ ಅನ್ನಿ..."

"ಅವರಿಗೆ ಅವರ ಏಣಿ ವಾಪಸ್ ಬೇಕು ಕಣೇ," ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಬೇಗ ಹೇಳಿ ಮುಗಿಸೋಕೆ ಹೇಳು. ಹಾಲು ಉಕ್ಕುತ್ತೆ."

ಗಡಿಯಾರದವರು ಕೆನ್ನೆ ಕೆನ್ನೆ ಬಡಿದುಕೊಂಡರು. "ಈ ಹೊತ್ತಲ್ಲಿ ಕೇಳಬಾರದಿತ್ತು. ನನ್ನ ಹೆಂಡತಿ ಬೇಡ ಬೇಡ ಅಂದ್ಲು. ಅವಳೇ ಆಮೇಲೆ ಹೋಗಿ ಕೇಳಿ ಅಂದ್ಲು. ಯಾವುದನ್ನು ಮೊದಲು ಅಂದ್ಲೋ ಈಗ ನೆನಪಿಲ್ಲ."

ಅವರ ಕಷ್ಟ ಸಣ್ಣದಲ್ಲ. ಆ ಗಡಿಯಾರಕ್ಕೆ ಒಮ್ಮೆ ಕೀ ಕೊಟ್ಟರೆ ಎಂಟು ದಿನ ನಡೆಯುತ್ತದೆ, ಒಂಬತ್ತನೆಯ ದಿನಕ್ಕೆ ಒಂದು ನಿಮಿಷವೂ ಹೆಚ್ಚಿಗೆ ನಡೆಯುವುದಿಲ್ಲ. ಕಳೆದ ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೀ ಕೊಟ್ಟಿದ್ದರು. ಬರುವ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನಿಲ್ಲುತ್ತದೆ. ಅದು ಒಮ್ಮೆ ನಿಂತರೆ ಸಾಕು, ತೆಗೆದುಹಾಕಿ ಕರೆಂಟಿನದು ಕೂರಿಸೋಣ ಎಂದು ಪುರಸಭೆ ಕಚೇರಿಯವರು ವರ್ಷಗಳಿಂದ ಕಾದು ಕುಳಿತಿದ್ದಾರೆ. ಕರೆಂಟಿನ ಗಡಿಯಾರಕ್ಕೆ ಕೀ ಕೊಡುವವನು ಬೇಕಿಲ್ಲ.

ಬೇರೆ ಏಣಿ ತರಬಹುದಲ್ಲ ಎಂದರೆ ತರುವಂತಿಲ್ಲ. ಗಡಿಯಾರದ ಕೆಳಗಿನ ಕಲ್ಲಿನ ಮೆಟ್ಟಿಲು ನೂರಾರು ವರ್ಷ ಜನ ತುಳಿದು ಒಂದು ಕಡೆಗೆ ಸವೆದುಹೋಗಿದೆ. ನೆಟ್ಟಗಿನ ಏಣಿ ಅಲ್ಲಿ ವಾಲಿ ಬೀಳುತ್ತದೆ. ಅದಕ್ಕೆಂದೇ ಗಡಿಯಾರದವರು ಬಡಗಿಯ ಹತ್ತಿರ ಒಂದು ಕಾಲು ನಾಲ್ಕು ಬೆರಳು ಗಿಡ್ಡವಿರುವ ಏಣಿ ಮಾಡಿಸಿಕೊಂಡಿದ್ದರು. ಭೂಮಿಯ ಮೇಲೆ ಆ ಏಣಿ ನೆಟ್ಟಗೆ ನಿಲ್ಲುವ ಜಾಗ ಅದೊಂದೇ. ಏಣಿ ಸಿಗದೆ ನಿನ್ನೆ ಅವರು ತಮ್ಮ ಭಾವಮೈದನ ಹೆಗಲ ಮೇಲೆ ಹತ್ತಿ ನೋಡಿದ್ದರಂತೆ. ಭಾವಮೈದ ಈಗ ಹಾಸಿಗೆಯಲ್ಲಿದ್ದಾನೆ.

"ಐದು ವಾರ ಆಯ್ತು ಅವರು ತಗೊಂಡು. ಪ್ರತಿ ಸೋಮವಾರ ಬೆಳಿಗ್ಗೆ ತಾವೇ ಹೊತ್ಕೊಂಡು ಬರೋರು, ನಾನು ಕೀ ಕೊಟ್ಟ ಮೇಲೆ ತಾವೇ ಹೊತ್ಕೊಂಡು ಹೋಗೋರು. ಯಾಕೆ ಅಂತ ಕೇಳಲಿಲ್ಲ. ದೊಡ್ಡ ಕೆಲಸದಲ್ಲಿ ಇರೋರು ಏಣಿ ಯಾಕೆ ಅಂತ ಕೇಳಿದ್ರೆ ಚೆನ್ನಾಗಿರುತ್ತಾ?"

ನನ್ನ ಗಂಡನದು ಅಂಥ ದೊಡ್ಡ ಕೆಲಸವಾಗಿರಲಿಲ್ಲ. ಚಿತ್ರಶಾಲೆಯಲ್ಲಿ ಬಂದವರಿಗೆ ಚಿತ್ರ ತೋರಿಸುವ ಗೈಡ್. ಏಣಿ ಎಲ್ಲಿದೆ ಎನ್ನುವುದು ನನಗೆ ಗೊತ್ತಿತ್ತು.

"ಚಿತ್ರಶಾಲೇಲಿದೆ. ಹತ್ತು ಗಂಟೆಗೆ ಬಾಗಿಲು ತೆಗೀತಾರೆ. ಹೋಗಿ ತರೋಣ," ಎಂದೆ.

"ನಾನೂ ಬರ್ತೀನಿ," ಎಂದರು ಅತ್ತೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ಇಲ್ಲಿ ಕೂತಿದ್ರೆ ಇನ್ನೊಬ್ಬರು ಬಂದು ಒಳ್ಳೇ ಮನುಷ್ಯ ಅಂತಾರೆ."

ಏಣಿ ಚಿತ್ರಶಾಲೆ ಸೇರಿದ್ದು ಹೀಗೆ. ಅಲ್ಲಿನ ಎರಡನೆಯ ಕೋಣೆಯ ಮೂಲೆಯಲ್ಲಿ ಒಂದೂವರೆ ಗೇಣಿನ ಒಂದು ಚಿತ್ರವಿದೆ. ಬೂದಿಬಣ್ಣದ ಎತ್ತರದ ಗೋಡೆ, ಮೇಲ್ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಕಿಟಕಿ, ಕಿಟಕಿಯೊಳಗೆ ಒಂದು ಹನಿ ಹಳದಿ. ಕೆಳಗಿನ ಚೀಟಿಯಲ್ಲಿ "ಗೋಡೆ. ತೈಲವರ್ಣ" ಎಂದಿದೆ. ಜನ ಅದರ ಮುಂದೆ ನಾಲ್ಕು ಸೆಕೆಂಡ್ ನಿಲ್ಲುತ್ತಾರೆ, ಅದರಲ್ಲಿ ಎರಡು ಚೀಟಿ ಓದುವುದಕ್ಕೆ ಹೋಗುತ್ತದೆ ಎಂದು ನನ್ನ ಗಂಡ ವಾಚ್ ಹಿಡಿದು ಲೆಕ್ಕ ಹಾಕಿದ್ದರು. ಇದು ಅವರಿಗೆ ಸ್ವಂತ ಅವಮಾನದಂತೆ ಕಂಡಿತ್ತು.

ಜನ ನಿಲ್ಲಲೆಂದು ಮೊದಲು ಆ ಕಿಟಕಿಗೆ ಒಬ್ಬ ಪ್ರೇಮಿಯ ಕಥೆ ಕಟ್ಟಿದರು. ನಾನು ತರಕಾರಿ ಹೆಚ್ಚುತ್ತ ಕೇಳಿ ಆಕಳಿಸಿದೆ. ಆಮೇಲೆ ಒಬ್ಬ ಕಳ್ಳನನ್ನು ತಂದರು. "ಕಳ್ಳ ಪರವಾಗಿಲ್ಲ, ಆದ್ರೆ ಗೋಡೆ ಮರೆತುಹೋಗುತ್ತೆ," ಎಂದೆ. ಮೂರನೆಯ ಸಲ ಬಂದವನು ಒಬ್ಬ ಅಪ್ಪ. ಅವನ ಪುಟ್ಟ ಮಗಳಿಗೆ ಅಂಟುರೋಗ. ಆಸ್ಪತ್ರೆಯ ಒಳಗೆ ಯಾರನ್ನೂ ಬಿಡುವುದಿಲ್ಲ. ಅಪ್ಪ ದಿನಾ ಸಂಜೆ ಗೋಡೆಗೆ ಏಣಿ ಹಾಕಿ ಹತ್ತಿ, ಕಿಟಕಿಯಲ್ಲಿ ಮುಖ ಸೊಟ್ಟಗೆ ಮಾಡಿ, ಅವಳು ನಕ್ಕರೆ ಇಳಿದು ಮನೆಗೆ ಹೋಗುತ್ತಾನೆ. ನರ್ಸ್ ಅವನಿಗೊಂದು ಗುರುತು ಹೇಳಿಕೊಟ್ಟಿದ್ದಾಳೆ: ದೀಪ ಉರಿಯುತ್ತಿದ್ದರೆ ಮಗು ಇದೆ. ಇಪ್ಪತ್ತೊಂದನೆಯ ಸಂಜೆ ಅಪ್ಪ ಬಂದು, ಏಣಿ ಹಾಕಿ, ತಲೆ ಎತ್ತಿ ನೋಡಿದ.

ಇಷ್ಟು ಹೇಳಿ ನನ್ನ ಗಂಡ ಸುಮ್ಮನಾಗುತ್ತಿದ್ದರು. ಕೇಳುವವರು "ಆಮೇಲೆ?" ಎಂದರೆ "ನೀವೇ ನೋಡಿ" ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಆಗ ಜನ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ, ಆ ಒಂದು ಹನಿ ಹಳದಿಯನ್ನು ಹುಡುಕಿ, ಉಸಿರು ಬಿಡುತ್ತಿದ್ದರು. ನಾಲ್ಕು ಸೆಕೆಂಡ್ ಹನ್ನೊಂದು ನಿಮಿಷವಾಯಿತು. ಪಕ್ಕದಲ್ಲಿ ನಿಜವಾದ ಏಣಿಯೊಂದು ಒರಗಿದ್ದರೆ ಇನ್ನೂ ಚೆನ್ನ ಎಂದು ಅವರಿಗೆ ಹೊಳೆದದ್ದು ಅದೇ ವಾರ. ಸೋಮವಾರ ಚಿತ್ರಶಾಲೆಗೆ ರಜೆ. ಆದ್ದರಿಂದ ಏಣಿ ಒಂದು ದಿನ ಗಡಿಯಾರದ ಕೆಲಸಕ್ಕೂ ಆರು ದಿನ ಕಲೆಯ ಕೆಲಸಕ್ಕೂ ಹೋಗುತ್ತಿತ್ತು.

ನಾವು ಹೋದಾಗ ಏಣಿ ಅಲ್ಲೇ ಇತ್ತು. ಆದರೆ ಅದರ ಸುತ್ತ ಕೆಂಪು ಹಗ್ಗ ಬಿಗಿದಿದ್ದರು. "ಮುಟ್ಟಬಾರದು" ಎಂಬ ಫಲಕ ಕೂಡ ಇತ್ತು.

ಮೇಲ್ವಿಚಾರಕರು ಪಕ್ಕದ ತಮ್ಮ ಕೋಣೆಗೆ ಕರೆದು ರಿಜಿಸ್ಟರ್ ತೋರಿಸಿದರು. ಕೆಲಸದವರು ಬಿಟ್ಟುಹೋದಾಗ ಸಾಮಾನಿನ ಪಟ್ಟಿ ಮಾಡಬೇಕು ಎಂಬುದು ನಿಯಮ. ಹೇಗೆ ಬಿಟ್ಟುಹೋದರು ಎನ್ನುವುದಕ್ಕೆ ನಿಯಮದಲ್ಲಿ ಕಾಲಂ ಇಲ್ಲ. ಗುರುವಾರ ಪಟ್ಟಿಯಾಗಿತ್ತು. ನೂರ ಹನ್ನೆರಡನೆಯ ಸಾಲು ಹೀಗಿತ್ತು: "ಏಣಿ. ಕಲಾವಿದರು: ತಿಳಿದುಬಂದಿಲ್ಲ. ಮಾಧ್ಯಮ: ಮರ ಮತ್ತು ಮೊಳೆ. ಸ್ಥಿತಿ: ಒಂದು ಕಾಲು ಗಿಡ್ಡ, ಉದ್ದೇಶಪೂರ್ವಕ ಇರಬಹುದು."

"ಸಾರ್, ಇದು ನನ್ನದು," ಎಂದರು ಗಡಿಯಾರದವರು.

"ನಿಮ್ಮ ಕೃತಿಯೇ?" ಮೇಲ್ವಿಚಾರಕರು ಎದ್ದು ನಿಂತರು.

"ಕೃತಿ ಅಲ್ಲ ಸಾರ್, ಏಣಿ. ಗಡಿಯಾರಕ್ಕೆ ಕೀ ಕೊಡೋಕೆ."

ಮೇಲ್ವಿಚಾರಕರು ಕುಳಿತರು. "ನೋಡಿ, ರಿಜಿಸ್ಟರಿಗೆ ಬಂದ ವಸ್ತು ಹೊರಗೆ ಹೋಗಬೇಕಾದ್ರೆ ಸಮಿತಿ ಒಪ್ಪಬೇಕು. ಸಮಿತಿ ವರ್ಷಕ್ಕೆ ಮೂರು ಸಲ ಸೇರುತ್ತೆ."

"ಮುಂದಿನದು ಯಾವಾಗ?"

"ಹಿಂದಿನದೇ ಇನ್ನೂ ಮುಗಿದಿಲ್ಲ."

ಅಷ್ಟರಲ್ಲಿ ಚಿತ್ರದ ಕೋಣೆಗೆ ಎಂಟು ಹತ್ತು ಜನ ಬಂದರು. ಗೈಡ್ ಇಲ್ಲದ್ದರಿಂದ ಟಿಕೆಟ್ ಕೊಡುವ ಹೆಂಗಸೇ ಈಗ ಕಥೆ ಹೇಳುತ್ತಿದ್ದಳು. ಐದು ವಾರ ಟಿಕೆಟ್ ಕಿಟಕಿಯೊಳಗಿನಿಂದ ಕೇಳಿಸಿಕೊಂಡು ಅವಳಿಗೆ ಒಂದೊಂದು ನಿಲುಗಡೆಯೂ ಬಾಯಿಪಾಠವಾಗಿತ್ತು. ಗಡಿಯಾರದವರು ಹೋಗಿ ಗುಂಪಿನ ಹಿಂದೆ ನಿಂತರು. ಏಣಿಯ ಕಾಲು ಯಾಕೆ ಗಿಡ್ಡ ಎಂಬಲ್ಲಿಗೆ ಕಥೆ ಬಂತು. ಕಿಟಕಿಯ ಕೆಳಗೆ ನೆಲ ಇಳಿಜಾರು, ಅಪ್ಪ ಗಾಬರಿಯಲ್ಲಿ ಅಡುಗೆಮನೆಯ ಕತ್ತಿಯಿಂದಲೇ ಏಣಿಯ ಕಾಲು ಕೊಯ್ದ, ಅಂಗೈಯಲ್ಲಿ ರಕ್ತ. ಗಡಿಯಾರದವರು ತಮ್ಮ ಅಂಗೈ ನೋಡಿಕೊಂಡರು. ಟಿಕೆಟಿನವಳು "ನೀವೇ ನೋಡಿ" ಎಂದಾಗ ಎಲ್ಲರಿಗಿಂತ ಮುಂದೆ ನುಗ್ಗಿದವರು ಅವರೇ.

ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದರು. "ಅಮ್ಮಾ, ಇದು ನನ್ನ ಏಣಿ ಅಲ್ಲ ಅನ್ಸುತ್ತೆ."

"ನಿಮ್ಮದೇ."

"ನನ್ನದು ಹೀಗೇ ಇತ್ತು, ನಿಜ. ಆದ್ರೆ ನನ್ನದಕ್ಕೆ ಇಷ್ಟು ದುಃಖ ಇರಲಿಲ್ಲ."

ಅವರನ್ನು ಮನೆಗೆ ಕರೆತರುವುದೇ ಸಾಕಾಯಿತು. "ಸಾಕ್ಷಿ ತನ್ನಿ, ನೋಡೋಣ. ನಾಳೆ ಐದಕ್ಕೆ ಬಾಗಿಲು ಹಾಕಿದ್ರೆ ಮತ್ತೆ ತೆಗೆಯೋದು ಮಂಗಳವಾರ ಹತ್ತಕ್ಕೆ," ಎಂದು ಮೇಲ್ವಿಚಾರಕರು ಹೇಳಿ ಕಳಿಸಿದ್ದರು. ಗಡಿಯಾರ ನಿಲ್ಲುವುದು ಅದೇ ಮಂಗಳವಾರ ಎಂಟಕ್ಕೆ.

ಭಾನುವಾರ ಮಧ್ಯಾಹ್ನ ಅತ್ತೆಯೂ ನಾನೂ ಮತ್ತೆ ಚಿತ್ರಶಾಲೆಗೆ ಹೋದೆವು; ಗಡಿಯಾರದವರು ಬಡಗಿಯನ್ನು ಸಾಕ್ಷಿಗೆ ಕರೆತಂದರು. ಬಡಗಿ ಬಿಳಿ ಶರ್ಟು ಹಾಕಿ, ಕೂದಲು ನೀಟಾಗಿ ಬಾಚಿಕೊಂಡು ಬಂದಿದ್ದ. ಅಪಶಕುನ ನನಗೆ ಆಗಲೇ ಕಾಣಿಸಬೇಕಿತ್ತು. ಅವನು ದಾರಿಯಲ್ಲಿ ಕಥೆ ಕೇಳಿಕೊಂಡು ಬಂದಿದ್ದ.

"ಈ ಏಣಿ ಮಾಡಿದ್ದು ನೀವೇ?" ಮೇಲ್ವಿಚಾರಕರು ಕೇಳಿದರು.

"ನಾನೇ ಸಾರ್."

"ಯಾರಿಗೆ?"

ಬಡಗಿ ಸುತ್ತ ನೋಡಿದ. ರಜೆಯ ದಿನ, ಕೋಣೆಯ ತುಂಬ ಜನ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಇಂಥ ಸಭೆ ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ಒಬ್ಬ ಅಪ್ಪನಿಗೆ ಸಾರ್," ಎಂದ, ದನಿ ನಡುಗಿಸಿ. "ಅಳ್ತಾ ಬಂದಿದ್ದ."

"ಅಯ್ಯೋ ಪಾಪಿ!" ಗಡಿಯಾರದವರು ಕೂಗಿದರು. "ನಾನಲ್ವೇನೋ ಮಾಡಿಸಿದ್ದು? ಮೆಟ್ಟಿಲ ಹತ್ತಿರ ನಿಂತು ನಾಲ್ಕು ಬೆರಳು ಅಳತೆ ತಗೊಂಡಿಲ್ವೇನೋ?"

"ನೀವೂ ಮಾಡಿಸಿರಬಹುದು ಅಣ್ಣಾ. ಅದು ಬೇರೆ. ಆ ದಿನ ಮನಸ್ಸು ಹೇಗಿತ್ತು ಅಂದ್ರೆ, ಉಳಿ ಹಿಡಿಯೋಕೆ ಕೈ ಬರ್ತಿರಲಿಲ್ಲ."

ಗುಂಪಿನಿಂದ ಕನ್ನಡಕದ ಒಬ್ಬ ವಯಸ್ಸಾದ ಹೆಂಗಸು ಮುಂದೆ ಬಂದರು. ತಾವು ನಿವೃತ್ತ ನರ್ಸ್ ಎಂದರು. "ಆ ವಾರ್ಡಿನಲ್ಲಿ ಇದ್ದವಳು ನಾನೇ. ದೀಪದ ಗುರುತು ಹೇಳಿಕೊಟ್ಟೋಳೂ ನಾನೇ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ."

ಇಷ್ಟು ವರ್ಷ ಹೇಳದಿದ್ದುದಕ್ಕೆ ಕಾರಣವಿತ್ತು. ಕಥೆ ಹುಟ್ಟಿ ಐದೇ ವಾರವಾಗಿತ್ತು.

ಮೇಲ್ವಿಚಾರಕರು ಬರೆದುಕೊಂಡರು, ಅಡಿಗೆರೆ ಎಳೆದರು, ಮತ್ತೆ ಬರೆದುಕೊಂಡರು. ಸಾಮಾನ್ಯ ಏಣಿಯಾಗಿ ಒಳಗೆ ಬಂದದ್ದು ಈಗ ಇಬ್ಬರು ಸಾಕ್ಷಿಗಳಿರುವ ಐತಿಹಾಸಿಕ ವಸ್ತುವಾಗಿತ್ತು. ಸಾಕ್ಷಿ ತಂದವರು ಗೋಡೆಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದರು. ನಾಲ್ಕೂವರೆ ಆಗಿತ್ತು.

ನಾನು ಮೇಲ್ವಿಚಾರಕರನ್ನು ಅವರ ಕೋಣೆಗೆ ಕರೆದೆ. "ಈ ಕಥೆ ನನ್ನ ಗಂಡ ಕಟ್ಟಿದ್ದು. ನನ್ನ ಎದುರಿಗೇ ಕಟ್ಟಿದ್ದು. ಅಪ್ಪನೂ ಇಲ್ಲ, ಮಗಳೂ ಇಲ್ಲ."

ಅವರು ಪೆನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ. "ಹಾಗಂತ ಬರೆದುಕೊಡಿ. ಕಥೆ ಸುಳ್ಳು ಅಂದ್ರೆ ಏಣಿಯೂ ಬರೀ ಏಣಿ. ಈಗಲೇ ಬಿಡ್ತೀನಿ. ಆದ್ರೆ ಒಂದು ವಿಷಯ ಮೊದಲೇ ಹೇಳಿಬಿಡ್ತೀನಮ್ಮ. ಸುಳ್ಳು ಅಂತ ಕಾಗದದ ಮೇಲೆ ಬಂದ ಮೇಲೆ ಅದನ್ನ ಇಲ್ಲಿ ಯಾರೂ ಹೇಳೋ ಹಾಗಿಲ್ಲ. ಕಥೆ ಇಲ್ದೆ ಆ ಗೋಡೆ ನೋಡೋರು ಯಾರು? ಅದು ಉಗ್ರಾಣಕ್ಕೆ ಹೋಗುತ್ತೆ."

ಒಂದು ಬಿಳಿ ಹಾಳೆ ನನ್ನ ಮುಂದೆ ಸರಿಸಿದರು. ನಾನು ತಾರೀಖು ಬರೆದೆ. ಅದು ಸುಲಭವಿತ್ತು. "ಈ ಮೂಲಕ" ಎಂದು ಬರೆದೆ. ಅದೂ ಆಯಿತು.

ಗಡಿಯಾರದವರು ಹಿಂದಿನಿಂದ ಬಂದು ಹಾಳೆಯ ಮೇಲೆ ಕೈಯಿಟ್ಟರು. "ಬೇಡಮ್ಮ. ಬರೀಬೇಡಿ. ಗಡಿಯಾರ ನಿಂತ್ರೆ ನಿಲ್ಲಲಿ. ಪೇಟೇಲಿ ಎಲ್ಲರ ಕೈಯಲ್ಲೂ ಟೈಮಿದೆ. ಆ ಮಗೂನ ಈಗ ಇಲ್ಲ ಅಂದ್ರೆ ಹೇಗೆ?"

"ನಿಮ್ಮ ಕೆಲಸ?"

"ಏನೋ ಒಂದು ಮಾಡೋಣ. ನಾನು ಹೆಂಡತಿಗೆ ಇನ್ನೂ ಹೇಳಿಲ್ಲ. ಹೇಳೋವರೆಗೂ ಕೆಲಸ ಇರುತ್ತೆ."

ಆಗ ಚಿತ್ರದ ಕೋಣೆಯಿಂದ ಅತ್ತೆಯ ದನಿ ಏರಿತು. ಮಗ ಕಟ್ಟಿದ ಕಥೆಯನ್ನು ಅವರು ಇದುವರೆಗೆ ಕೇಳಿರಲಿಲ್ಲ. ನಿನ್ನೆ ಬಂದಾಗ ಕಾಲು ನೋವೆಂದು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತಿದ್ದರು. ಈಗ ಟಿಕೆಟಿನವಳ ಬಾಯಿಂದ ಪೂರ್ತಿ ಕೇಳಿದ್ದರು.

"ನೀವೇ ನೋಡಿ ಅಂದ್ರೆ ಏನರ್ಥ? ಅಪ್ಪ ತಲೆ ಎತ್ತಿ ನೋಡಿದ, ಆಮೇಲೆ?"

"ಅಷ್ಟೇ ಅಮ್ಮ. ಸಾರ್ ಅಲ್ಲಿಗೇ ನಿಲ್ಲಿಸ್ತಿದ್ರು."

"ಇದೇನು ಕಥೆ ಹೇಳೋ ರೀತಿ! ಮಗು ಮನೆಗೆ ಬಂತಾ ಇಲ್ವಾ? ಇಷ್ಟು ಜನಾನ ಏಣಿ ಕೆಳಗೆ ನಿಲ್ಲಿಸಿ ಎದ್ದು ಹೋದ್ರೆ? ಚಿಕ್ಕಂದಿನಿಂದ ಅವನದು ಇದೇ ಬುದ್ಧಿ. ಅರ್ಧ ಊಟಕ್ಕೆ ಏಳೋನು." ಅತ್ತೆ, ಬಾಗಿಲಿಗೆ ಬಂದಿದ್ದ ನನ್ನ ಕಡೆ ತಿರುಗಿದರು. "ನಿನಗೆ ಹೇಳಿರ್ತಾನೆ. ನೀನು ಹೇಳು."

ಕೋಣೆ ನನ್ನ ಕಡೆ ತಿರುಗಿತು. "ಗೈಡ್ ಸಾರ್ ಮನೆಯವರು," ಎಂದು ಯಾರೋ ಪಿಸುಗುಟ್ಟಿದರು. ದಾರಿ ಬಿಟ್ಟರು.

"ಹೇಳಿದಾರೆ," ಎಂದೆ. ಅದು ಸುಳ್ಳು. ಆದರೆ ಆ ಕೋಣೆಯಲ್ಲಿ ಆ ಹೊತ್ತಿನವರೆಗೆ ನಿಜ ಹೇಳಿ ಯಾರಿಗೂ ಉಪಯೋಗವಾಗಿರಲಿಲ್ಲ.

ನಾನು ಏಣಿಯ ಪಕ್ಕ ನಿಂತೆ.

"ದೀಪ ಉರೀತಿತ್ತು. ಅಪ್ಪ ಹತ್ತಿದ. ಕಿಟಕೀಲಿ ಮುಖ ಸೊಟ್ಟಗೆ ಮಾಡಿದ. ಯಾರೂ ನಗಲಿಲ್ಲ. ಸರಿಯಾಗಿ ನೋಡಿದ. ಹಾಸಿಗೆ ಖಾಲಿ. ಹೊದಿಕೆ ಮಡಿಸಿಟ್ಟಿದ್ರು. ಕಂಬಿ ಹಿಡ್ಕೊಂಡು ಹಾಗೇ ನಿಂತ."

ಬಡಗಿ ಬಾಯಿಗೆ ಕೈ ಅಡ್ಡ ಹಿಡಿದ.

"ಆಗ ಏಣಿ ಅಲ್ಲಾಡಿತು. ಯಾರೋ ಕೆಳಗಿನಿಂದ ಅಲ್ಲಾಡಿಸ್ತಿದಾರೆ. ಬಗ್ಗಿ ನೋಡಿದ. 'ಅಪ್ಪಾ, ಎಷ್ಟು ಹೊತ್ತು? ಇಳಿ. ನಾನೂ ಹತ್ತಬೇಕು.'"

ಇಡೀ ಕೋಣೆ ಒಟ್ಟಿಗೆ ಉಸಿರು ಬಿಟ್ಟಿತು. ನರ್ಸಮ್ಮ ಕನ್ನಡಕ ತೆಗೆದು, "ಅವತ್ತು ಮಧ್ಯಾಹ್ನಾನೇ ಡಿಸ್ಚಾರ್ಜ್ ಮಾಡಿದ್ದೆ, ಹಠಮಾರಿ ಹುಡುಗಿ," ಎಂದರು.

"ಮನೆಗೆ ಹೋಗೋ ಮುಂಚೆ," ನಾನು ಮುಂದುವರಿಸಿದೆ, "ಅಪ್ಪ ಮಗಳು ಇಬ್ಬರೂ ಸೇರಿ ಏಣಿ ಹೊತ್ಕೊಂಡು ಹೋಗಿ, ಅದು ಯಾರದೋ ಅವರಿಗೆ ಕೊಟ್ಟು ಬಂದ್ರು."

"ಯಾರದು?" ಹಿಂದಿನಿಂದ ಒಬ್ಬರು ಕೇಳಿದರು.

"ಪೇಟೆ ಗಡಿಯಾರಕ್ಕೆ ಕೀ ಕೊಡೋರದು."

ಎಲ್ಲರೂ ಗಡಿಯಾರದವರನ್ನು ನೋಡಿದರು. ಅವರು ಗಾಬರಿಯಾಗಿ ಎರಡೂ ಕೈ ಆಡಿಸಿದರು. "ನಾನಲ್ಲ, ನಾನಲ್ಲ! ನನಗಿಂತ ಮುಂಚೆ ಇದ್ದೋರು ಇರಬೇಕು!"

ದೇವರು ದೊಡ್ಡವನು, ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ನಿಂತಿದ್ದ ಒಬ್ಬರು ಬೇರೆಯೇ ಲೆಕ್ಕ ಹಾಕುತ್ತಿದ್ದರು.

"ಒಂದ್ನಿಮಿಷ. ಕೊಟ್ಟು ಬಂದ್ರು ಅಂದ್ಮೇಲೆ ಏಣಿ ಇಲ್ಲಿ ಯಾಕಿದೆ?"

"ಹೌದಲ್ಲ!"

"ಏಣಿ ಇನ್ನೂ ಗೋಡೆಗೆ ಒರಗಿದ್ರೆ ಅಪ್ಪ ಇನ್ನೂ ಬರ್ತಿದಾನೆ ಅಂತ ಅರ್ಥ. ಮಗು ಇನ್ನೂ ಒಳಗೇ ಇದೆ ಅಂತ ಅರ್ಥ!"

"ಸಾರ್, ಯಾವ ಅಧಿಕಾರದ ಮೇಲೆ ಇಟ್ಕೊಂಡಿದೀರಿ?" ಇದು ಬಡಗಿ. ಅವನ ಕೊರಳ ನರ ಉಬ್ಬಿತ್ತು. "ಅಳ್ತಾ ಬಂದಿದ್ದ ಸಾರ್ ಅವನು ನನ್ನ ಹತ್ತಿರ!"

ನರ್ಸಮ್ಮ ಮೇಲ್ವಿಚಾರಕರ ಎದೆಯ ಹತ್ತಿರ ಬೆರಳು ತಂದರು. "ನನ್ನ ವಾರ್ಡಿನ ಮಗೂನ ನಾನು ಬಿಡುಗಡೆ ಮಾಡಿದ ಮೇಲೆ ಹಿಡಿದಿಟ್ಕೊಳ್ಳೋಕೆ ನೀವ್ಯಾರು?"

ಮೇಲ್ವಿಚಾರಕರು ರಿಜಿಸ್ಟರನ್ನು ಗುರಾಣಿಯಂತೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. "ಸಮಿತಿ..." ಎಂದರು. ಸಮಿತಿಗೆ ಏನಾಗಬೇಕೆಂದು ಜನ ಒಟ್ಟಿಗೆ ಹೇಳಿದರು. ಅದನ್ನು ಇಲ್ಲಿ ಬರೆಯುವಂತಿಲ್ಲ. ಅವರು ಮೇಜಿನ ಮೇಲೆ ರಿಜಿಸ್ಟರ್ ಬಿಚ್ಚಿ, ಬಹಳ ಹೊತ್ತು ನೂರ ಹನ್ನೆರಡನೆಯ ಸಾಲನ್ನು ನೋಡಿ, ಕೊನೆಯ ಕಾಲಂನಲ್ಲಿ ಬರೆದರು: "ಕಥೆ ಮುಗಿದ ಕಾರಣ ಹೊರಗೆ ಹೋಗಿದೆ." ಸಹಿ ಹಾಕಿ, ಐದಕ್ಕೆ ಎಂಟು ನಿಮಿಷ ಇದೆ ಎಂದು ವೇಳೆಯನ್ನೂ ನಮೂದಿಸಿದರು. ನಾನು ಅರ್ಧ ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದರು. ಹಗ್ಗವನ್ನು ತಾವೇ ಬಿಚ್ಚಿದರು.

ಏಣಿ ಎತ್ತುವಾಗ ಚಪ್ಪಾಳೆ ಬಿತ್ತು. ಅತ್ತೆ ಮಾತ್ರ ತಿರುಗಿ ನೋಡಲಿಲ್ಲ. ಏಣಿ ಸರಿದ ಜಾಗಕ್ಕೆ ಹೋಗಿ, ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಬೂದಿಬಣ್ಣದಲ್ಲಿ ಕಣ್ಣಿನಿಂದಲೇ ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ಹೋದರು, ಹತ್ತುವವರಂತೆ.

"ಇದೆ," ಎಂದರು. "ದೀಪ ಇದೆ ಕಣೇ."

ಅವರ ಹಿಂದೆ ಆಗಲೇ ಸಾಲು ಬೆಳೆದಿತ್ತು. ನಾವು ಅವರನ್ನು ಅಲ್ಲೇ ಬಿಟ್ಟು ಹೊರಟೆವು.

ಏಣಿಯ ಮುಂದಿನ ತುದಿ ಗಡಿಯಾರದವರದು, ಹಿಂದಿನ ತುದಿ ನನ್ನದು. ಅದು ನೋಡುವುದಕ್ಕಿಂತ ಭಾರವಿತ್ತು. ಇದನ್ನು ವಾರಕ್ಕೆರಡು ಸಲ ಒಬ್ಬರೇ ಹೊತ್ತದ್ದು ಹೇಗೆಂದು ತಿಳಿಯಲಿಲ್ಲ. ದಾರಿಯಲ್ಲಿ ಹಣ್ಣಿನ ಅಂಗಡಿಯವನು "ಏನು, ಮನೆಗೆ ಬಣ್ಣವಾ?" ಎಂದು ಕೇಳಿದ. "ಹೌದು," ಎಂದೆ. ಇವತ್ತು ಇನ್ನೊಂದು ಕಥೆ ಹೇಳುವ ತ್ರಾಣವಿರಲಿಲ್ಲ.

ಸವೆದ ಮೆಟ್ಟಿಲ ಮೇಲೆ ಇಟ್ಟ ಕೂಡಲೇ ಏಣಿ ನೆಟ್ಟಗೆ ನಿಂತಿತು. ಐದೂ ಕಾಲು. ಮೇಲೆ ಗಡಿಯಾರವೂ ಅದನ್ನೇ ಹೇಳುತ್ತಿತ್ತು.

"ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಭಾನುವಾರ ಕೀ ಕೊಡ್ತಿದೀನಿ," ಎಂದರು ಗಡಿಯಾರದವರು. "ಅದಕ್ಕೆ ಗೊಂದಲ ಆಗುತ್ತೇನೋ." ಆದರೂ ಹತ್ತಿದರು; ನಾನು ಕೆಳಗೆ ಏಣಿ ಹಿಡಿದು ನಿಂತೆ. ಕೀ ತಿರುಗುವ ಕಿರ್ ಕಿರ್ ಶಬ್ದ ಕೆಳಗೆ ಕೇಳುತ್ತಿತ್ತು. ಒಂದಷ್ಟು ತಿರುವಿ ನಿಲ್ಲಿಸಿದರು.

"ಅಮ್ಮಾ, ಆ ಹುಡುಗಿ ಆಮೇಲೆ ಏನಾದ್ಲು?"

"ದೊಡ್ಡವಳಾದ್ಲು. ಓದಿದ್ಲು. ಮದುವೆ ಆಯ್ತು."

ಇನ್ನಷ್ಟು ಕಿರ್ ಕಿರ್. "ಗಂಡ ಹೇಗೆ? ಒಳ್ಳೆಯವನಾ?"

"ಒಳ್ಳೆಯವನು. ತಂದ ಸಾಮಾನು ವಾಪಸ್ ಕೊಡೋದು ಮಾತ್ರ ತಡ ಮಾಡ್ತಿದ್ದ."

ಮೇಲೆ ಶಬ್ದ ನಿಂತಿತು. ಗಡಿಯಾರದವರು ಏಣಿಯ ಮೇಲಿನಿಂದ ಬಗ್ಗಿ, ಬಹಳ ಹೊತ್ತು ನನ್ನನ್ನು ನೋಡಿದರು. ಅವರಿಗೆ ಏನಾದರೂ ಅರ್ಥವಾಗುವಾಗ ಹುಬ್ಬು ಒಂದೊಂದಾಗಿ ಮೇಲೇರುತ್ತದೆ.

"ಪರವಾಗಿಲ್ಲ ಬಿಡಿ," ಎಂದರು. "ಬಂತಲ್ಲ."

ನಾನು ಏಣಿಯಿಂದ ಕೈ ತೆಗೆದೆ. ಅದು ನೆಟ್ಟಗೇ ನಿಂತಿತ್ತು.